ಕುಸುಬಿ ಹಾಲು, ಶೇಂಗಾ ಹಾಲು ಮತ್ತು ನಮ್ಮ ಎರಿ ಹೊಲ

ಹುಬ್ಬಳ್ಳಿಯ ನಮ್ಮ ಮನೆಯ ಫ್ರಿಜ್ಜಿನಲ್ಲಿ ಈಗ ಮೂರು ಥರದ ಹಾಲು ಇರುತ್ತವೆ. ಅತ್ತೆಯವರ ಚಹಾಕ್ಕೆ ಎಮ್ಮೆ ಹಾಲು. ಮಗಳಿಗೆ ಶೇಂಗಾ ಹಾಲು. ಆಗಾಗ ಎಲ್ಲರಿಗೂ ಅಂತ ಕುಸುಬಿ ಅನ್ನೋ ಎಣ್ಣೆಕಾಳಿನಿಂದ ತೆಗೆದ ಹಾಲು. ಮಗಳು ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಆಮೇಲೆ ನೋವು ಶುರುವಾಗುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅವಳಿಗೆ ಅರಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಹೆದರುವಂಥದ್ದೇನಲ್ಲ ಇದು. ಆ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕೂಸುಗಳ ಹೊಟ್ಟೆಯಲ್ಲಿ ಬೇಕಾದಷ್ಟು ಇರುತ್ತದೆ. ಬೆಳೆಯುತ್ತಾ ಹೋದಂತೆ ಭಾಳ ಜನರಲ್ಲಿ ಕಡಿಮೆಯಾಗುತ್ತದೆ. ಮೊಸರು ತಿಂದರೆ ಅವಳಿಗೆ ಏನೂ ಆಗುವುದಿಲ್ಲ, ಯಾಕಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದು ಮುಗಿಸಿರುತ್ತವೆ. ರೊಟ್ಟಿ ಜೊತೆ ಮೊಸರಿಲ್ಲದೆ ಊಟ ಇಳಿಯದ ನಮ್ಮ ಕಡೆಯವರಿಗೆ ಅದೊಂದು ಸಮಾಧಾನ.

ಡಾಕ್ಟರು ಹಾಗೆ ಹೇಳಿದ ಮೇಲೆ ಎಲ್ಲರೂ ಕೊಟ್ಟ ಸಲಹೆ ಒಂದೇ: ಬಾದಾಮಿ ಹಾಲು ತಗೊಳ್ಳಿ, ಓಟ್ಸ್ ಹಾಲು ತಗೊಳ್ಳಿ, ಅಂಗಡಿಯಲ್ಲಿ ಪೊಟ್ಟಣದಲ್ಲೇ ಸಿಗುತ್ತದೆ ಅಲ್ವಾ. ಸಿಗುತ್ತದೆ, ನಿಜ. ರೇಟೂ ಹಾಗೇ ಇರುತ್ತದೆ. ಜಗತ್ತಿನ ಬಾದಾಮಿಯಲ್ಲಿ ಹೆಚ್ಚುಕಡಿಮೆ ಶೇಕಡಾ 80 ಬೆಳೆಯುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಂದ ಹಡಗು ಹತ್ತಿ ಬಂದ ಕಾಳನ್ನು ಇಲ್ಲಿ ನೀರಲ್ಲಿ ರುಬ್ಬಿ ಪೊಟ್ಟಣಕ್ಕೆ ತುಂಬುತ್ತಾರೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬಾದಾಮಿ ಎಷ್ಟಿದೆ ಅಂತ ಬರೆದಿರುತ್ತಾರೆ. ಒಂದು ಸಲ ಓದಿ ನೋಡಿ. ಉಳಿದದ್ದು ಬಹುಪಾಲು ನೀರು. ಕೊಳ್ಳುವವರು ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಗದಗಿನ ಎಪಿಎಂಸಿಯಲ್ಲಿ ಶೇಂಗಾ ರಾಶಿ ಬಿದ್ದಿರುವಾಗ, ನಮ್ಮ ಅತ್ತೆಯವರಿಗೆ ಕುಸುಬಿಯಿಂದ ಹಾಲು ತೆಗೆಯಲು ಬರುವಾಗ, ನಾನು ಬಾದಾಮಿ ಯಾಕೆ ಹುಡುಕಬೇಕು ಅನ್ನಿಸಿತು.

ಕುಸುಬಿ ಹಾಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಈಗಿನ ಮಕ್ಕಳಿಗಂತೂ ಕುಸುಬಿ ಕಾಳು ತೋರಿಸಿದರೆ ಗುರುತು ಸಿಗುವುದಿಲ್ಲ.

ಅತ್ತೆಯವರ ಊರು ಅಣ್ಣಿಗೇರಿ ಹತ್ತಿರ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲಿನಲ್ಲಿ ಕೂತರೆ ಎರಡೂ ಕಡೆ ಕಾಣುವುದು ಆ ಎರಿ ಹೊಲಗಳೇ. ಮುಂಗಾರಿ ಮಳೆಯ ಹಸಿಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು. ಹಿಂಗಾರಿಯಲ್ಲಿ ಅಲ್ಲಿ ಬಿಳಿಜೋಳ, ಕಡಲಿ, ಗೋಧಿ ಬಿತ್ತುತ್ತಾರೆ. ಮೊದಲು ಅದರ ಜೊತೆ ಕುಸುಬಿಯೂ ಇರುತ್ತಿತ್ತು, ಜೋಳದ ನಡುವೆ ಅಕ್ಕಡಿ ಸಾಲಾಗಿ ಅಥವಾ ಹೊಲದ ಅಂಚಿಗೆ. ಅಂಚಿಗೆ ಹಾಕುವುದಕ್ಕೆ ಕಾರಣ ಅದರ ಮುಳ್ಳು. ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಆಯ್ತು, ಎಣ್ಣೆಕಾಳೂ ಆಯ್ತು. ತಾಯಿಬೇರು ಭಾಳ ಆಳಕ್ಕೆ ಇಳಿಯುತ್ತದೆ, ಎರಡು ಮೀಟರಿಗಿಂತ ಕೆಳಗೂ ಹೋಗುತ್ತದೆ. ಹಾಗಾಗಿ ಮೇಲಿನ ಮಣ್ಣು ಬಿರುಕು ಬಿಟ್ಟ ಮೇಲೂ ಗಿಡ ಹಸಿರಾಗಿಯೇ ಇರುತ್ತದೆ. ಎಳೆಯದಿದ್ದಾಗ ಎಲೆ ಚಿವುಟಿ ಪಲ್ಯ ಮಾಡಬಹುದು. ಆಮೇಲೆ ಹಳದಿ, ಕೇಸರಿ ಬಣ್ಣದ ಹೂವು. ಕೊಯ್ಲಿನ ಹೊತ್ತಿಗೆ ಮುಳ್ಳು ಗಟ್ಟಿಯಾಗಿರುತ್ತವೆ. ಅದಕ್ಕೇ ಬೆಳಗ್ಗೆ ಇಬ್ಬನಿ ಆರುವ ಮೊದಲೇ, ಕೈಗೆ ಕಾಲಿಗೆ ಅರಿವೆ ಸುತ್ತಿಕೊಂಡು ಕೊಯ್ಯುತ್ತಿದ್ದರು. ಬಿಸಿಲೇರಿದರೆ ಕೆಲಸ ಬಂದ್.

ಈ ಕಾಳಿನಲ್ಲಿ ಸುಮಾರು ಶೇಕಡಾ 30 ಎಣ್ಣೆ ಇರುತ್ತದೆ. ಊರ ಗಾಣಕ್ಕೆ ಕುಸುಬಿ ಹೋಗಿ ಎಣ್ಣೆ ಮನೆಗೆ, ಹಿಂಡಿ ಎತ್ತಿಗೆ ಬರುತ್ತಿತ್ತು. ಗಾಣಕ್ಕೆ ಹಾಕುವ ಮೊದಲು ಒಂದಷ್ಟು ಕಾಳನ್ನು ಮನೆಗೆ ಅಂತ ಎತ್ತಿಡುತ್ತಿದ್ದರು. ಹಾಲಿಗೆ, ಹುಗ್ಗಿಗೆ.

ಹಾಲು ತೆಗೆಯುವುದು ಹೀಗೆ. ಕುಸುಬಿಯನ್ನು ಮೊದಲು ಹಸನು ಮಾಡಬೇಕು. ಬಿಳಿ ಕಾಳು, ಹೊಳಪು ಜಾಸ್ತಿ, ಅದರ ನಡುವೆ ಸಣ್ಣ ಹಳ್ಳು ಕಾಣುವುದೇ ಇಲ್ಲ. ಮೊರದಲ್ಲಿ ಕೇರಿದರೆ ಮಾತ್ರ ಸಿಗುತ್ತವೆ. ಆಮೇಲೆ ನೀರು ತಿಳಿಯಾಗುವ ತನಕ ತೊಳೆದು ರಾತ್ರಿ ನೆನೆಹಾಕಬೇಕು. ಹೊರಸಿಪ್ಪೆ ಗಡುಸು, ಬೆಳಗ್ಗೆ ನೋಡಿದರೂ ನೆನೆದಂತೆ ಕಾಣುವುದಿಲ್ಲ. ಹಲ್ಲಲ್ಲಿ ಒಂದು ಕಚ್ಚಿ ನೋಡಿದರೆ ಒಳಗಿನ ತಿರುಳು ಮೆತ್ತಗಾಗಿದ್ದು ಗೊತ್ತಾಗುತ್ತದೆ. ಮೇಲೆ ತೇಲುವ ಜೊಳ್ಳನ್ನು ಚೆಲ್ಲಿ, ಒಂದು ಬಟ್ಟಲು ಕಾಳಿಗೆ ಒಂದು ಬಟ್ಟಲು ನೀರು ಹಾಕಿ ಮಿಕ್ಸಿಯಲ್ಲಿ ತಿರುವಬೇಕು.

ಇಲ್ಲಿ ಅತ್ತೆಯವರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. "ನುಣ್ಣಗ ರುಬ್ಬಬ್ಯಾಡವಾ. ಸಿಪ್ಪಿ ಪುಡಿ ಆತಂದ್ರ ಹಾಲು ಕಹಿ ಬರತೈತಿ." ಅವರು ಒರಳಿನಲ್ಲಿ ರುಬ್ಬಿದವರು. ಒರಳು ಕಾಳನ್ನು ಜಜ್ಜುತ್ತದೆ, ತಿರುಳು ಹಿಟ್ಟಾದರೂ ಸಿಪ್ಪೆ ದೊಡ್ಡ ದೊಡ್ಡ ಚೂರಾಗಿಯೇ ಉಳಿಯುತ್ತದೆ. ಮಿಕ್ಸಿಯ ಬ್ಲೇಡಿಗೆ ಆ ಭೇದ ಇಲ್ಲ, ಎರಡನ್ನೂ ಕತ್ತರಿಸುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ತಿರುವಬೇಕು. ಬೂದು ಬಣ್ಣದ ಹಿಟ್ಟಿನಲ್ಲಿ ಬಿಳಿ ಸಿಪ್ಪೆ ಬಿಡಿಬಿಡಿಯಾಗಿ ಕಾಣುತ್ತಿರುವಾಗಲೇ ನಿಲ್ಲಿಸಬೇಕು.

ತೆಳ್ಳನೆ ಹಳೇ ಧೋತರದ ಅರಿವೆಯನ್ನು ಬೋಗಾಣಿಯ ಮೇಲೆ ಹಾಸಿ, ರುಬ್ಬಿದ್ದನ್ನು ಸುರಿದು, ನಾಲ್ಕೂ ಚುಂಗು ಸೇರಿಸಿ ಗಂಟು ತಿರುಚಬೇಕು. ಮೊದಲು ಹಾಲು ತಾನಾಗಿಯೇ ಸೋರುತ್ತದೆ, ಆಮೇಲೆ ಹಿಂಡಬೇಕು. ಬೆರಳ ಸಂದಿಯಿಂದ ಇಳಿಯುವಾಗ ಅದು ಗಟ್ಟಿ ಕೆನೆಯ ಹಾಗೇ ಇರುತ್ತದೆ, ಬಣ್ಣ ಮಾತ್ರ ತುಸು ಮಾಸಲು. ಕೈಗೆಲ್ಲ ಎಣ್ಣೆಯ ನುಣುಪು ಹತ್ತಿಕೊಳ್ಳುತ್ತದೆ. ಇದು ಮೊದಲ ಹಾಲು. ಚರಟವನ್ನು ಮತ್ತೆ ಮಿಕ್ಸಿಗೆ ಹಾಕಿ, ಎರಡು ಬಟ್ಟಲು ನೀರು ಸೇರಿಸಿ ಒಂದೇ ಸುತ್ತು ತಿರುವಿ ಹಿಂಡಿದರೆ ಎರಡನೇ ಹಾಲು ಬರುತ್ತದೆ. ಅದು ತೆಳು. "ಮೊದಲನೇದು ಬ್ಯಾರೆ ಇಡು, ಅದು ಕೊನೀಗೆ ಬೇಕು" ಅನ್ನುತ್ತಾರೆ ಅತ್ತೆ. ತೆಳು ಹಾಲಿನಲ್ಲಿ ಬೇಯಿಸಿ, ಗಟ್ಟಿ ಹಾಲನ್ನು ಕಡೆಗೆ ಸೇರಿಸುವುದು ಅವರ ಪದ್ಧತಿ. ಕಾಯಿಹಾಲು ಬಳಸುವ ಹಾವೇರಿಯ ಹಾನಗಲ್ಲ ಕಡೆಯ ನನ್ನ ಗೆಳತಿಯೂ ಇದನ್ನೇ ಮಾಡುತ್ತಾಳೆ.

ಕಾಯಿಸುವಾಗ ಅವಸರ ಮಾಡಬಾರದು. ಉರಿ ಜೋರಾದರೆ ಅದರ ಪ್ರೋಟೀನು ಗಂಟು ಕಟ್ಟಿ, ನೀರು ಬೇರೆ, ಗಡ್ಡೆ ಬೇರೆ ಆಗುತ್ತದೆ. "ಕುಸುಬಿ ಹಾಲಿಗೆ ಜೋರು ಉರಿ ಆಗಂಗಿಲ್ಲ. ಸಣ್ಣ ಉರಿಯಾಗ ಕೈ ಆಡಿಸಕೋತ ನಿಂದ್ರು." ನಿಂತೇ ಇರಬೇಕು, ನಿಜ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದು, ಹಸಿ ವಾಸನೆ ಹೋಗಿ, ಒಂಥರಾ ಎಳ್ಳು ಹುರಿದಂಥ ಘಮ ಬರುತ್ತದೆ. ಆಗ ಇಳಿಸಬೇಕು.

ಹಾಗೇ ಕುಡಿಯುವುದಾದರೆ ಬೆಲ್ಲ, ಯಾಲಕ್ಕಿ, ಒಣಶುಂಠಿ ಸಾಕು. ಹುಗ್ಗಿಗಾದರೆ ಗೋಧಿ ನುಚ್ಚನ್ನು ನೀರಿನಲ್ಲಿ ಮುಕ್ಕಾಲು ಬೇಯಿಸಿ, ಎರಡನೇ ಹಾಲಿನಲ್ಲಿ ಪೂರ್ತಿ ಬೇಯಿಸಿ, ಮೊದಲ ಹಾಲು ಸೇರಿಸಿ ಒಂದು ಕುದಿ ಬರುವ ಮುಂಚೆ ಇಳಿಸಬೇಕು. ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಪಾತೇಲಿ ಒಲೆಯಿಂದ ಕೆಳಗಿಳಿದ ಮೇಲೆ ಹಾಕಬೇಕು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ, ಎಮ್ಮೆ ಹಾಲೂ ಒಡೆಯುತ್ತದೆ. ಮೇಲೆ ಹುರಿದ ಗಸಗಸೆ, ಒಣಕೊಬ್ಬರಿ. ತಟ್ಟೆಯಲ್ಲಿ ಹರವಿದ ಸ್ವಲ್ಪ ಹೊತ್ತಿಗೇ ಮೇಲೆ ಎಣ್ಣೆಯ ಪಸೆ ಬಿಡುತ್ತದೆ. ತುಪ್ಪ ಬೇಕೇ ಆಗುವುದಿಲ್ಲ.

ದಿನಬಳಕೆಗೆ ಮಾತ್ರ ನಮ್ಮ ಮನೆಯಲ್ಲಿ ಶೇಂಗಾ. ಮಾಡುವುದು ಸುಲಭ, ಎಲ್ಲಾ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಕುಸುಬಿಯಂಥ ಗಡುಸು ಸಿಪ್ಪೆಯ ಕಾಟವೂ ಇಲ್ಲ. 100 ಗ್ರಾಂ ಕಾಳು ರಾತ್ರಿ ನೆನೆಸಿ, ಬೆಳಗ್ಗೆ ಕೈಯಲ್ಲಿ ತಿಕ್ಕಿದರೆ ಕೆಂಪು ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಒಗರು ಇರುವುದು ಆ ಸಿಪ್ಪೆಯಲ್ಲೇ. ಆಮೇಲೆ ಸುಡುಸುಡು ನೀರು ಹಾಕಿ ರುಬ್ಬುತ್ತೇನೆ. ತಣ್ಣೀರು ಹಾಕಿದರೆ ಹಸಿಕಾಳಿನ ವಾಸನೆ ಜಾಸ್ತಿ. ಕಾಳು ಒಡೆದ ಕೂಡಲೇ ಅದರಲ್ಲಿರುವ ಲಿಪಾಕ್ಸಿಜಿನೇಸ್ ಕಿಣ್ವ ಕೊಬ್ಬಿನ ಮೇಲೆ ಕೆಲಸ ಶುರು ಮಾಡುತ್ತದೆ, ವಾಸನೆ ಹುಟ್ಟುವುದು ಅಲ್ಲಿಂದ. ಬಿಸಿನೀರು ಅದನ್ನು ಅಲ್ಲೇ ನಿಲ್ಲಿಸುತ್ತದೆ. ಒಟ್ಟು 800 ಮಿಲಿ ಹಾಲು ಆಗುವಷ್ಟು ನೀರು ಸೇರಿಸಿ, ಸೋಸಿ, ತಳ ಹತ್ತದಂತೆ ಕೈಯಾಡಿಸುತ್ತಾ ಹತ್ತು ನಿಮಿಷ ಕುದಿಸಬೇಕು. ಚಿಟಿಕೆ ಉಪ್ಪು ಹಾಕಿದರೆ ರುಚಿ ಏಳುತ್ತದೆ.

ಕಾಳು ಆರಿಸುವಾಗ ಒಂದು ವಿಷಯದಲ್ಲಿ ನಾನು ಭಾಳ ಕಟ್ಟುನಿಟ್ಟು. ಮುದುಡಿದ ಕಾಳು, ಬಣ್ಣ ಕೆಟ್ಟ ಕಾಳು, ಹಸಿರು ಬೂಷ್ಟು ಹಿಡಿದ ಕಾಳು ಒಂದೂ ಒಳಗೆ ಹೋಗಬಾರದು. ಶೇಂಗಾಕ್ಕೆ ಹತ್ತುವ ಒಂದು ಬಗೆಯ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು. ಮನೆಯ ಕುದಿತಕ್ಕೆ ಅದು ನಾಶವಾಗುವುದೂ ಇಲ್ಲ. ಹಾಗಾಗಿ ಸುಗ್ಗಿಯಲ್ಲಿ ಚೆನ್ನಾಗಿ ಒಣಗಿಸಿದ ಶೇಂಗಾ ತಂದು, ಸಿಪ್ಪೆ ಸಮೇತ ಇಟ್ಟುಕೊಂಡು, ಬೇಕಾದಾಗ ಒಡೆದುಕೊಳ್ಳುವುದು ಒಳ್ಳೇದು. ಸಂಜೆ ಅತ್ತೆಯವರು ಟೀವಿ ಮುಂದೆ ಕೂತು ಒಡೆಯುತ್ತಾರೆ, ಮಗಳು ಅರ್ಧ ತಿಂದು ಅರ್ಧ ಬಟ್ಟಲಿಗೆ ಹಾಕುತ್ತಾಳೆ.

ಚಹಾಕ್ಕೆ ಶೇಂಗಾ ಹಾಲು ನಡೆಯುತ್ತದೆ, ಆದರೆ ಒಟ್ಟಿಗೆ ಕುದಿಸಬಾರದು. ಚಹಾಪುಡಿಯ ಡಿಕಾಕ್ಷನ್ನು ಬೇರೆ ಇಳಿಸಿ, ಬಿಸಿ ಮಾಡಿದ ಹಾಲನ್ನು ಅದಕ್ಕೆ ಸೇರಿಸಬೇಕು. ಕಾಫಿಯಲ್ಲಿ ಹುಳಿ ಜಾಸ್ತಿ, ಒಡೆಯುವ ಸಾಧ್ಯತೆಯೂ ಜಾಸ್ತಿ. ಶೇಂಗಾ ಹಾಲಿನ ಚಹಾವನ್ನು ಅತ್ತೆಯವರು ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ಎಮ್ಮೆ ಹಾಲಿನ ಚಹಾ ಕುಡಿದು ಬೆಳೆದ ನಾಲಿಗೆ ಅದು, ಧಾರವಾಡಿ ಎಮ್ಮೆಯ ಸೀಮೆ ಇದು. ನಾನು ಒತ್ತಾಯ ಮಾಡಲಿಲ್ಲ. ಎಮ್ಮೆ ಹಾಲು ಬಿಡಿ ಅಂತ ಯಾರಿಗೂ ಹೇಳುವ ಉದ್ದೇಶ ನನಗಿಲ್ಲ. ಬಿಡಬೇಕಾದವರಿಗೆ, ಬಿಡಬೇಕು ಅನ್ನಿಸಿದವರಿಗೆ ಇಲ್ಲೇ ದಾರಿ ಇದೆ ಅನ್ನುವುದಷ್ಟೇ ನನ್ನ ಮಾತು.

ಸೋಯಾ ಕೂಡ ಈಗ ನಮ್ಮ ಜಿಲ್ಲೆಯ ಬೆಳೆಯೇ. ಧಾರವಾಡದ ಸುತ್ತ ಮುಂಗಾರಿಯಲ್ಲಿ ಎಷ್ಟೋ ಹೊಲ ಪೂರ್ತಿ ಸೋಯಾಬೀನ್. ತುಕ್ಕುರೋಗ ತಡೆದುಕೊಳ್ಳುವ ಡಿಎಸ್‌ಬಿ-21 ತಳಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೇ. ಪ್ರೋಟೀನಿನ ಲೆಕ್ಕದಲ್ಲಿ ಕಾಳಿನ ಹಾಲುಗಳಲ್ಲಿ ಸೋಯಾ ಹಾಲು ಮುಂದೆ. ಆದರೆ ಅದನ್ನು ಸರಿಯಾಗಿ ಕುದಿಸಲೇಬೇಕು, ಕನಿಷ್ಠ ಹತ್ತು ಹದಿನೈದು ನಿಮಿಷ. ಹಸಿ ಸೋಯಾದಲ್ಲಿ ಪ್ರೋಟೀನು ಅರಗದಂತೆ ತಡೆಯುವ ಅಂಶ ಇರುತ್ತದೆ, ಕುದಿಸಿದರೆ ಮಾತ್ರ ಅದರ ಆಟ ಮುಗಿಯುತ್ತದೆ. ಮೊದಲು ಬರುವ ನೊರೆಯನ್ನು ನೋಡಿ ಕುದಿಯಿತು ಅಂದುಕೊಳ್ಳಬಾರದು. ನಮ್ಮ ಮನೆಯಲ್ಲಿ ಅದರ ವಾಸನೆ ಯಾರಿಗೂ ಹಿಡಿಸಲಿಲ್ಲ, ಅಲ್ಲಿಗೇ ಬಿಟ್ಟೆ.

ಓಟ್ಸ್ ಬಗ್ಗೆ ಕೇಳುವವರಿಗೆ ಒಂದು ಮಾತು. ಮನೆಯಲ್ಲಿ ಮಾಡಿದ ಓಟ್ಸ್ ಹಾಲು ಕಾಯಿಸಿದರೆ ಲೋಳೆಯಾಗುತ್ತದೆ. ಪಿಷ್ಟ ಬಿಸಿಗೆ ಉಬ್ಬಿ ಗಟ್ಟಿಯಾಗುವುದೇ ಕಾರಣ. ಕಂಪನಿಯವರು ಅಮೈಲೇಸ್ ಕಿಣ್ವ ಹಾಕಿ ಆ ಪಿಷ್ಟವನ್ನು ಮೊದಲೇ ಒಡೆದಿರುತ್ತಾರೆ. ಜೋಳದ ಹಾಲು ಮಾಡಲು ಹೋದರೂ ಹೀಗೇ, ಕಡೆಗೆ ಅಂಬಲಿ ಆಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸಿ ಮಾಡಿದ ಹಿಟ್ಟು ಯಾಕೆ ತೆಳ್ಳಗೇ ಉಳಿಯುತ್ತದೆ ಅಂದರೆ, ಮೊಳಕೆಯಲ್ಲಿ ಅದೇ ಅಮೈಲೇಸ್ ತಾನಾಗಿಯೇ ಹುಟ್ಟಿರುತ್ತದೆ. ಕೂಸಿಗೆ ರಾಗಿ ಸರಿ ಮಾಡುವ ಮೊದಲು ಮೊಳಕೆ ಬರಿಸುವವರು ಈ ಹೆಸರು ಕೇಳಿರದಿದ್ದರೂ ಕೆಲಸ ಬಲ್ಲವರು. ಅದೇ ಪಿಷ್ಟ ಗಟ್ಟಿಯಾಗಲಿ ಅಂತಲೇ ಮಾಡುವುದು ನಮ್ಮ ಬ್ಯಾಸಿಗೆಯ ಕುರಡಗಿ ಸಂಡಿಗೆ. ಗೋಧಿಯನ್ನು ದಿನಾ ನೀರು ಬದಲಿಸುತ್ತಾ ನೆನೆಸಿ, ರುಬ್ಬಿ, ಹಾಲು ಹಿಂಡಿ, ಕುದಿಸಿ, ಮಾಳಿಗೆಯ ಮೇಲೆ ಒತ್ತಿ ಒಣಗಿಸುತ್ತೇವಲ್ಲ, ಅದು. ಕಾಳಿನಿಂದ ಹಾಲು ಹಿಂಡುವ ಕೈಚಳಕ ಆ ಮಾಳಿಗೆಯ ಮೇಲೆ ಎಲ್ಲ ಹೆಂಗಸರಿಗೂ ಇತ್ತು.

ಪೌಷ್ಟಿಕತೆಯ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. 100 ಮಿಲಿ ಆಕಳ ಹಾಲಿನಲ್ಲಿ ಸುಮಾರು 3.2 ಗ್ರಾಂ ಪ್ರೋಟೀನು, 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಹತ್ತಿರ ಪ್ರೋಟೀನು ಇದೆ. ಅದರಿಂದ 800 ಮಿಲಿ ಹಾಲು ತೆಗೆದರೆ, ಚರಟದಲ್ಲಿ ಉಳಿಯುವುದನ್ನು ಬಿಟ್ಟೂ ಆಕಳ ಹಾಲಿಗೆ ತೀರಾ ದೂರ ಇರುವುದಿಲ್ಲ. ಕ್ಯಾಲ್ಸಿಯಂ ಮಾತ್ರ ಭಾಳ ಕಡಿಮೆ. ಬಿ12 ಜೀವಸತ್ವ ಇಲ್ಲವೇ ಇಲ್ಲ, ಅದು ಯಾವ ಕಾಳಿನಲ್ಲೂ ಇರುವುದಿಲ್ಲ. ಅಂಗಡಿಯ ಪೊಟ್ಟಣಗಳಲ್ಲಿ ಇವೆರಡನ್ನೂ ಕೆಲವರು ಹೊರಗಿನಿಂದ ಸೇರಿಸಿರುತ್ತಾರೆ, ಮನೆಯ ಹಾಲಿಗೆ ಸೇರಿಸುವವರಿಲ್ಲ. ಮಗಳಿಗೆ ಮೊಸರು, ರಾಗಿ, ಎಳ್ಳಿನ ಚಟ್ನಿಪುಡಿ, ಸೊಪ್ಪು ತಪ್ಪಿಸದೆ ಕೊಡುತ್ತೇನೆ. ಮೊಸರೂ ಬಿಟ್ಟವರು ಬಿ12 ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಇನ್ನು ವರ್ಷದೊಳಗಿನ ಕೂಸಿಗೆ ತಾಯಿಹಾಲಿನ ಬದಲು ಇವು ಯಾವುವೂ ಆಗುವುದಿಲ್ಲ. ಶೇಂಗಾ ಅಲರ್ಜಿ ಇರುವವರು ಈ ದಾರಿಗೇ ಬರಬೇಡಿ.

ಇಟ್ಟುಕೊಳ್ಳುವ ವಿಷಯ ಸರಳ. ಫ್ರಿಜ್ಜಿನಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟರೆ ಮಧ್ಯಾಹ್ನಕ್ಕೆ ಹುಳಿ. ಬಾಟಲಿಯಲ್ಲಿ ಮೇಲೆ ಕೆನೆ, ಕೆಳಗೆ ತಿಳಿನೀರು ನಿಂತರೆ ಕೆಟ್ಟಿತು ಅಂತ ಚೆಲ್ಲಬೇಡಿ. ಬೆರೆತು ನಿಲ್ಲಲು ನಾವು ಏನೂ ಹಾಕಿಲ್ಲ, ಅದಕ್ಕೇ ಹಾಗೆ. ಅಲುಗಾಡಿಸಿದರೆ ಸರಿಹೋಗುತ್ತದೆ.

ಚರಟ ಎಸೆಯುವುದು ನನಗೆ ಹೊಟ್ಟೆಗೆ ಹಾಕಿಕೊಳ್ಳಲಾಗದ ಮಾತು. ಶೇಂಗಾದ್ದು ಅಡುಗೆಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀರಾರುವ ತನಕ ಹುರಿದು, ಬ್ಯಾಡಗಿ ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಹಚ್ಚಿಕೊಳ್ಳಲು ಆಗುತ್ತದೆ. ಎಣ್ಣೆ ಹಾಲಿಗೆ ಹೋಗಿರುವುದರಿಂದ ಶೇಂಗಾ ಚಟ್ನಿಯಷ್ಟು ಜಿಡ್ಡಿರುವುದಿಲ್ಲ, ತುಸು ಒಣ. ಮೇಲೆ ಮೊಸರು ಹಾಕಿಕೊಂಡರೆ ಸರಿ. ಬದನೆಕಾಯಿ ಎಣ್ಣೆಗಾಯಿಯ ಮಸಾಲೆಗೂ ಸೇರಿಸುತ್ತೇನೆ. ಕುಸುಬಿಯ ಚರಟದಲ್ಲಿ ಬರೀ ಸಿಪ್ಪೆ, ಮನುಷ್ಯರಿಗೆ ಬರುವುದಿಲ್ಲ. ಓಣಿಯ ಕೊನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಕೊಡುತ್ತೇನೆ.

ಈಗ ಕಷ್ಟದ ಮಾತು. ಕುಸುಬಿ ಸಿಗುವುದೇ ಕಡಿಮೆಯಾಗಿದೆ. ಅಣ್ಣಿಗೇರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಎ-1 ಅಂತ ಹೆಸರಾದ ಕುಸುಬಿ ತಳಿ ಬಂದದ್ದು ಅಲ್ಲಿಂದಲೇ. ಅಂಥ ಊರಿನ ಸುತ್ತಲೇ ಈಗ ಕುಸುಬಿ ಹೊಲ ಹುಡುಕಿಕೊಂಡು ಹೋಗಬೇಕು. ಹಿಂಗಾರಿ ಪೂರ್ತಿ ಕಡಲಿ. ಕಡಲಿಗೆ ಮಾರುಕಟ್ಟೆ ಇದೆ, ಕೊಯ್ಲು ಸಲೀಸು. ಕುಸುಬಿಗೆ ಹೇನು ಹತ್ತುತ್ತದೆ, ಮುಳ್ಳಿನ ಬೆಳೆ ಕೊಯ್ಯಲು ಆಳು ಬರುವುದಿಲ್ಲ, ಪಾಮ್ ಎಣ್ಣೆ ಪ್ಯಾಕೆಟ್ಟಿನ ರೇಟಿನ ಮುಂದೆ ಗಾಣದ ಎಣ್ಣೆ ನಿಲ್ಲುವುದಿಲ್ಲ. ರೈತರು ಬಿಟ್ಟದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ಮುಳ್ಳಿಲ್ಲದ ತಳಿಗಳು ಬಂದಿವೆ. ಮಹಾರಾಷ್ಟ್ರದ ಫಲಟಣದಲ್ಲಿ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ ನಾರಿ-6 ಅಂಥದ್ದು. ಕೈಗೆ ಚುಚ್ಚದ ಕುಸುಬಿ ಇದೆ ಅನ್ನುವುದು ನಮ್ಮ ಕಡೆ ಎಷ್ಟೋ ಜನರಿಗೆ ತಲುಪೇ ಇಲ್ಲ.

ನಾನು ಮಾಡಿದ್ದು ಇಷ್ಟು. ಊರಲ್ಲಿ ಹೊಲ ಮಾಡುವ ಮೈದುನನಿಗೆ ಜೋಳದಲ್ಲಿ ಕುಸುಬಿಯ ಅಕ್ಕಡಿ ಹಾಕು ಅಂದೆ. "ಯಾರು ಒಯ್ತಾರ ವೈನಿ?" ಅಂದ. ನಾನು, ನನ್ನ ತಂಗಿ, ಓಣಿಯಲ್ಲಿ ಹುಗ್ಗಿ ತಿಂದು ರುಚಿ ಹತ್ತಿದ ನಾಲ್ಕಾರು ಮನೆಯವರು ಅಂತ ಹೆಸರು ಹೇಳಿದೆ. "ರೊಕ್ಕ ಮೊದಲ ಕೊಟ್ರ ಹಾಕ್ತೀನಿ" ಅಂದ. ನ್ಯಾಯವಾದ ಮಾತು. ಕೊಟ್ಟಿದ್ದೇವೆ. ಕಾಳು ಬಂದ ಮೇಲೆ ಅರ್ಧ ಗಾಣಕ್ಕೆ, ಅರ್ಧ ಹಾಲಿಗೆ ಅಂತ ಹಂಚಿಕೊಳ್ಳುವ ಮಾತಾಗಿದೆ. ಅಲ್ಲಿಯ ತನಕ ದುರ್ಗದ ಬೈಲಿನ ಕಡೆಯ ಹಳೇ ಕಾಳಿನ ಅಂಗಡಿಗಳಲ್ಲಿ ವಿಚಾರಿಸುತ್ತೇನೆ. ನೀವೂ ಕೇಳುವಾಗ ಒಂದನ್ನು ನೆನಪಿಡಿ: ಗಿಳಿಗೆ ಹಾಕುವ ಕಾಳು ಅಂತ ಮಾರುವ ಕುಸುಬಿ ಬೇಡ, ಅದು ಎಷ್ಟು ಹಳೇದೋ, ಹೇಗೆ ಇಟ್ಟದ್ದೋ ಗೊತ್ತಾಗುವುದಿಲ್ಲ. ತಿನ್ನಲಿಕ್ಕೆ ಅಂತ ಹೇಳಿ ಈ ವರ್ಷದ ಕಾಳು ಕೇಳಿ. ಒಂದು ಕಾಳು ಕಚ್ಚಿ ನೋಡಿ. ತಿರುಳು ಬೆಳ್ಳಗಿದ್ದು, ಕಮಟು ವಾಸನೆ ಇಲ್ಲದಿದ್ದರೆ ತಗೊಳ್ಳಿ.